ಬಟ್ಟೆ ಪ್ಯಾಡ್, ಬಟ್ಟೆ ಡೈಪರ್‌ಗೆ ಬದಲಾಗುವುದು: ಎಲ್ಲಿಂದ ಶುರು ಮಾಡಬೇಕು, ಎಲ್ಲಿ ಎಡವುತ್ತಾರೆ

ಬಟ್ಟೆ ಪ್ಯಾಡ್ ಅಥವಾ ಬಟ್ಟೆ ಡೈಪರ್ ತಗೊಂಡು, ಸ್ವಲ್ಪ ದಿನ ಬಳಸಿ, ಆಮೇಲೆ ಕಪಾಟಿನ ಮೂಲೆಗೆ ತಳ್ಳಿದವರು ಹೇಳುವುದು ಹೆಚ್ಚುಕಡಿಮೆ ಮೂರೇ ಮಾತು. ಸೋರುತ್ತೆ. ವಾಸನೆ ಬರುತ್ತೆ. ಒಣಗಲ್ಲ. ಮೂರಕ್ಕೂ ಬಟ್ಟೆಯನ್ನೇ ಬೈಯುತ್ತಾರೆ, ಆದರೆ ಬಹಳ ಸಲ ತಪ್ಪು ಇರುವುದು ಮಾಡಿದ ಕ್ರಮದಲ್ಲಿ. ಮೊದಲು ದೊಡ್ಡ ಸೆಟ್ ಖರೀದಿ, ಆಮೇಲೆ ಬಳಕೆ, ಬಕೆಟ್ ತುಂಬಿದ ಮೇಲೆ ಒಗೆಯುವ ಯೋಚನೆ, ಕೊನೆಗೆ ಒಣಗಿಸಲು ಜಾಗದ ಹುಡುಕಾಟ. ಇದನ್ನು ಪೂರ್ತಿ ತಿರುಗಿಸಿ. ಒಣಗಿಸುವ ಜಾಗ ಮೊದಲು, ಖರೀದಿ ಆಮೇಲೆ, ರಾತ್ರಿ ಮತ್ತು ಪ್ರಯಾಣ ಎಲ್ಲಕ್ಕಿಂತ ಕೊನೆಗೆ.

ಪ್ಯಾಡ್ ಮಾತ್ರ ಬೇಕಾದವರು ಹಂತ 5 ಬಿಡಬಹುದು, ಡೈಪರ್ ಮಾತ್ರ ಬೇಕಾದವರು ಹಂತ 4 ಬಿಡಬಹುದು. ಉಳಿದದ್ದು ಇಬ್ಬರಿಗೂ ಬೇಕು.

## ಹಂತ 1: ಒಂದು ಟವೆಲ್ ಒಗೆದು ನೋಡಿ

ಏನನ್ನೂ ಕೊಳ್ಳುವ ಮೊದಲು ಮನೆಯಲ್ಲಿರುವ ದಪ್ಪ ಸ್ನಾನದ ಟವೆಲ್ ಒಂದನ್ನು ಒಗೆದು, ನೀವು ಪ್ಯಾಡ್ ಅಥವಾ ಡೈಪರ್ ಎಲ್ಲಿ ಒಣಗಿಸಬೇಕು ಅಂದುಕೊಂಡಿದ್ದೀರೋ ಅಲ್ಲೇ ಹಾಕಿ. ಸಂಜೆಯೊಳಗೆ ಒಣಗಿದರೆ ಯಾವ ಬಗೆಯ ಬಟ್ಟೆ ಸಾಮಾನು ಬೇಕಾದರೂ ಕೊಳ್ಳಬಹುದು. ಮರುದಿನ ಬೆಳಗ್ಗೆಯೂ ಅಂಚು ತಣ್ಣಗೆ, ತೇವ ತೇವ ಅನಿಸಿದರೆ, ಎಲ್ಲ ಪದರ ಒಟ್ಟಿಗೆ ಹೊಲಿದ ದಪ್ಪ ಡೈಪರ್, ದಪ್ಪ ಪ್ಯಾಡ್ ನಿಮ್ಮ ಮನೆಗೆ ಆಗಿಬರಲ್ಲ. ಬಿಡಿಸಿ ಹರವಬಹುದಾದ ತೆಳು ಬಟ್ಟೆಯೇ ಸರಿ. ಸುಮ್ನೆ ಒಂದು ಟವೆಲ್, ಒಂದು ದಿನ. ಇಷ್ಟು ಮಾಡದೆ ಹಣ ಹಾಕಬೇಡಿ.

ಆಮೇಲೆ ಈ ಸಾಮಾನು ಹೊಂದಿಸಿಕೊಳ್ಳಿ: ಪ್ಯಾಡ್‌ಗೆ ಒಂದು ಚಿಕ್ಕ ಬಕೆಟ್, ಡೈಪರ್‌ಗೆ ಒಂದು ದೊಡ್ಡ ಬಕೆಟ್, ಮೆತ್ತಗಿನ ಒಂದು ಬ್ರಷ್, ಸಾಕಷ್ಟು ಕ್ಲಿಪ್, ನೀರು ಹೊರಗೆ ಬಿಡದ ಜಿಪ್ ಇರುವ ಒಂದು ಚೀಲ. ಡೈಪರ್ ಬಳಸುವವರಿಗೆ ಶೌಚಾಲಯದಲ್ಲಿ ಜೋರಾಗಿ ನೀರು ಬರುವ ಕೈ ಪೈಪ್ ಇದ್ದರೆ ಅರ್ಧ ಕೆಲಸ ಹಗುರ. ಸೋಪಿನ ಪುಡಿ ಮನೆಯಲ್ಲಿ ಬಳಸುವುದೇ ಸಾಕು, ಆದರೆ ಅದರಲ್ಲಿ ಬಟ್ಟೆ ಮೆತ್ತಗೆ ಮಾಡುವ ಕಂಡೀಷನರ್ ಸೇರಿರಬಾರದು. ಯಾಕೆ ಅಂತ ಹಂತ 6ರಲ್ಲಿದೆ.

ಬಕೆಟ್ ಬಗ್ಗೆ ಒಂದು ಎಚ್ಚರಿಕೆ. ತೆವಳುವ, ನಿಲ್ಲಲು ಕಲಿಯುತ್ತಿರುವ ಮಗು ಇರುವ ಮನೆಯಲ್ಲಿ ನೀರು ತುಂಬಿದ ಬಕೆಟ್ ತೆರೆದಿಡಬೇಡಿ. ಸ್ವಲ್ಪ ನೀರಿದ್ದರೂ ಮಗು ತಲೆಕೆಳಗಾಗಿ ಬಿದ್ದರೆ ಮೇಲೇಳಲು ಆಗುವುದಿಲ್ಲ. ನೆನೆಸಲೇಬೇಕು ಅಂದರೆ ಬಚ್ಚಲಿನ ಬಾಗಿಲು ಚಿಲಕ ಹಾಕಿರಲಿ.

## ಹಂತ 2: ಬಗೆ ಆರಿಸಿ, ಕಡಿಮೆ ಕೊಳ್ಳಿ

ಪ್ಯಾಡ್ ಆಗಲಿ ಡೈಪರ್ ಆಗಲಿ, ಒಳಗೆ ಮೂರು ಕೆಲಸ ನಡೆಯುತ್ತವೆ. ಮೈಗೆ ತಾಗುವ ಮೇಲ್ಪದರ, ದ್ರವ ಹೀರಿಕೊಳ್ಳುವ ಒಳಪದರ, ಹೊರಗೆ ಬಾರದಂತೆ ತಡೆಯುವ ಕೆಳಪದರ. ಈ ಕೆಳಪದರವನ್ನು ಪಿಯುಎಲ್ ಅನ್ನುತ್ತಾರೆ. ಬಟ್ಟೆಯ ಹಿಂದೆ ತೆಳುವಾದ ಪಾಲಿಯುರೆಥೇನ್ ಪೊರೆ ಅಂಟಿಸಿರುವುದು. ಅತಿ ಬಿಸಿ ನೀರು, ಇಸ್ತ್ರಿ, ತಿರುಚಿ ಹಿಂಡುವುದು, ಈ ಮೂರೂ ಆ ಪೊರೆಗೆ ಶತ್ರು.

ಹೀರುವ ಬಟ್ಟೆಗಳಲ್ಲಿ ಹತ್ತಿ ಎಲ್ಲದಕ್ಕೂ ಒಗ್ಗುತ್ತದೆ, ಬಿಸಿ ತಡೆಯುತ್ತದೆ. ಬಿದಿರಿನ ವಿಸ್ಕೋಸ್ ಮೆತ್ತಗೆ, ಚೆನ್ನಾಗಿ ಹೀರುತ್ತೆ, ಒಣಗಲು ತಡ. ಹೆಂಪ್ ಅಂದರೆ ಸೆಣಬಿನಂಥ ನಾರಿನ ಬಟ್ಟೆ. ಅದು ನಿಧಾನವಾಗಿ ಹೀರುತ್ತೆ, ಆದರೆ ಜಾಸ್ತಿ ಹಿಡಿದಿಟ್ಟುಕೊಳ್ಳುತ್ತೆ. ಮೈಕ್ರೋಫೈಬರ್ ಅಂದರೆ ತೀರಾ ಸಣ್ಣ ಕೃತಕ ನಾರಿನ ಬಟ್ಟೆ. ಅದು ಅಗ್ಗ, ಬೇಗ ಹೀರುತ್ತೆ, ಬೇಗ ಒಣಗುತ್ತೆ. ಆದರೆ ಒತ್ತಿದರೆ ಹೀರಿದ್ದನ್ನು ವಾಪಸ್ ಬಿಡುತ್ತೆ. ಇನ್ನೊಂದು ಮಾತು, ಮೈಕ್ರೋಫೈಬರ್ ನೇರವಾಗಿ ಮಗುವಿನ ಚರ್ಮಕ್ಕೆ ತಾಗಬಾರದು. ಅದು ಚರ್ಮದ ತೇವವನ್ನೂ ಎಳೆದುಕೊಂಡು ಒಣಗಿಸಿ ಕೆಂಪು ಮಾಡುತ್ತೆ. ಡೈಪರ್‌ನ ಜೇಬಿನೊಳಗೆ ಅಥವಾ ಬೇರೆ ಬಟ್ಟೆಯ ಕೆಳಗೆ ಮಾತ್ರ ಇಡಿ.

ಡೈಪರ್ ಬಗೆಗಳು ಹಲವು. ಒಂದೇ ಪದರದ ಚೌಕ ಬಟ್ಟೆ, ಮಡಚಿ ಹೊಲಿದ ದಪ್ಪ ಬಟ್ಟೆ, ಇವೆರಡಕ್ಕೂ ಮೇಲೊಂದು ನೀರು ತಡೆಯುವ ಕವರ್ ಬೇಕು. ಇನ್ಸರ್ಟ್, ಅಂದರೆ ಹೀರುವ ಬಿಡಿ ಬಟ್ಟೆ, ಒಳಗೆ ತುರುಕುವ ಜೇಬಿನ ಡೈಪರ್ ಇದೆ. ಎಲ್ಲ ಸೇರಿಸಿ ಹೊಲಿದ ಒಂದೇ ತುಂಡಿನ ಡೈಪರ್ ಇದೆ. ಕೊನೆಯದು ಹಾಕಲು ಸುಲಭ, ಒಣಗಲು ಎಲ್ಲಕ್ಕಿಂತ ಕಷ್ಟ. ಹೊಸಬರು ಅದನ್ನೇ ಕೊಳ್ಳುತ್ತಾರೆ. ನನ್ನ ಮಟ್ಟಿಗೆ ಚೌಕ ಬಟ್ಟೆ ಮತ್ತು ಕವರ್‌ಗೆ ಮೊದಲ ಸ್ಥಾನ, ಯಾಕೆಂದರೆ ಬಟ್ಟೆ ಪೂರ್ತಿ ಬಿಚ್ಚಿಕೊಳ್ಳುತ್ತದೆ, ಕೈಯಲ್ಲೇ ಸ್ವಚ್ಛವಾಗುತ್ತದೆ, ಮೋಡದ ದಿನದಲ್ಲೂ ಒಣಗುತ್ತದೆ. ಮಡಚಲು ಎರಡು ದಿನ ಕೈ ಪಳಗಬೇಕು, ಅಷ್ಟೇ.

ಪ್ಯಾಡ್‌ನಲ್ಲಿ ಉದ್ದ ನೋಡಿ. ಕಡಿಮೆ ಸ್ರಾವಕ್ಕೆ 20 ಸೆಂಟಿಮೀಟರ್ ಹತ್ತಿರ, ಸಾಮಾನ್ಯ ದಿನಕ್ಕೆ 25, ರಾತ್ರಿಗೆ 30 ಅಥವಾ ಹೆಚ್ಚು. ದಪ್ಪ ಇದ್ದರೆ ಒಳ್ಳೆಯದು ಅನ್ನುವುದು ತಪ್ಪು ಲೆಕ್ಕ. ಸೋರುವುದು ಹೆಚ್ಚಾಗಿ ಹಿಂದಿನ ತುದಿಯಿಂದ ಅಥವಾ ಪಕ್ಕದಿಂದ, ಅದಕ್ಕೆ ಉದ್ದ ಅಗಲ ಬೇಕು, ದಪ್ಪ ಅಲ್ಲ.

ಎಷ್ಟು ಬೇಕು? ಮೊದಲ ಕಂತಿನಲ್ಲಿ ಪ್ಯಾಡ್ ಮೂರು, ಡೈಪರ್ ನಾಲ್ಕರಿಂದ ಆರು, ಅದೂ ಎರಡು ಬೇರೆ ಬಗೆಯವು. ಹೊಂದಿಕೊಂಡಿತು ಅನಿಸಿದ ಮೇಲೆ ಲೆಕ್ಕ ಹಾಕಿ. ದಿನಕ್ಕೆ ನಾಲ್ಕೈದು ಪ್ಯಾಡ್ ಬೇಕಾಗಿ, ಅಂದಂದೇ ಒಗೆಯುವವರಿಗೆ ಎಂಟರಿಂದ ಹತ್ತು ಪ್ಯಾಡ್‌ನಲ್ಲಿ ಮುಟ್ಟಿನ ದಿನಗಳೆಲ್ಲ ಮುಗಿಯುತ್ತವೆ. ಎಳೆ ಮಗುವಿಗೆ ದಿನಕ್ಕೆ ಹತ್ತರಿಂದ ಹನ್ನೆರಡು ಡೈಪರ್ ಬೇಕು. ಎರಡು ದಿನಕ್ಕೊಮ್ಮೆ ಒಗೆದರೆ 24ರ ಆಸುಪಾಸು, ಜೊತೆಗೆ ಒಣಗುವ ಹೊತ್ತಿಗೆ ಅಂತ ಇನ್ನೂ ಕೆಲವು. ಕವರ್ ಅಷ್ಟೆಲ್ಲ ಬೇಡ, ಐದಾರು ಸಾಕು. ಉಚ್ಚೆ ಮಾತ್ರ ಆಗಿದ್ದರೆ ಕವರ್ ಒರೆಸಿ, ಸ್ವಲ್ಪ ಗಾಳಿಗೆ ಇಟ್ಟು ಮತ್ತೆ ಹಾಕಬಹುದು.

## ಹಂತ 3: ಹೊಸದನ್ನು ಒಗೆಯದೆ ಬಳಸಬೇಡಿ

ಮೊದಲ ದಿನವೇ ಸೋರಿತು ಅನ್ನುವವರಲ್ಲಿ ಅನೇಕರು ಈ ಹಂತ ಬಿಟ್ಟಿರುತ್ತಾರೆ. ಹೊಸ ಹತ್ತಿ, ಹೆಂಪ್ ಬಟ್ಟೆಯಲ್ಲಿ ನಾರಿನದೇ ಮೇಣ, ಎಣ್ಣೆಯಂಶ ಇರುತ್ತದೆ. ನೀರು ಅದರ ಮೇಲೆ ಜಾರುತ್ತದೆ. ಬಿಳಿ ಮಾಡದ, ಮಣ್ಣು ಬಣ್ಣದ ಹತ್ತಿಯಲ್ಲಿ ಇದು ಇನ್ನೂ ಜಾಸ್ತಿ. ಬಿಸಿ ನೀರು, ಸೋಪಿನ ಪುಡಿ ಹಾಕಿ ಒಗೆದು ಒಣಗಿಸುವುದನ್ನು ಐದಾರು ಸಲ ಮಾಡಬೇಕಾಗಬಹುದು. ಪ್ರತಿ ಸಲ ಪೂರ್ತಿ ಒಣಗಬೇಕಿಲ್ಲ. ಮೈಕ್ರೋಫೈಬರ್ ಮತ್ತು ಕವರ್‌ಗೆ ಒಂದು ಒಗೆತ ಸಾಕು. ಎಣ್ಣೆಯಂಶ ಬಿಡುವ ಹತ್ತಿ ಬಟ್ಟೆಯ ಜೊತೆ ಮೊದಲ ಸಲ ಮೈಕ್ರೋಫೈಬರ್ ಸೇರಿಸಬೇಡಿ, ಆ ಎಣ್ಣೆ ಇದಕ್ಕೆ ಹತ್ತಿಕೊಳ್ಳುತ್ತದೆ.

ಸಿದ್ಧ ಆಗಿದೆಯಾ ಅಂತ ತಿಳಿಯಲು ಒಣ ಪ್ಯಾಡ್ ಮೇಲೆ ಒಂದು ಚಮಚ ನೀರು ಸುರಿಯಿರಿ. ನೀರು ಹನಿ ಹನಿಯಾಗಿ ಉರುಳಾಡಿದರೆ ಇನ್ನೂ ಒಗೆಯಬೇಕು. ಬಿದ್ದ ಕೂಡಲೇ ಇಂಗಿ, ಅಂಗೈಯಗಲ ಹರಡಿಕೊಂಡರೆ ಬಳಸಬಹುದು. ಈ ಪರೀಕ್ಷೆ ಮುಂದೆಯೂ ಬೇಕಾಗುತ್ತೆ, ನೆನಪಿಟ್ಟುಕೊಳ್ಳಿ.

## ಹಂತ 4: ಪ್ಯಾಡ್, ಮನೆಯಲ್ಲಿರುವ ದಿನದಿಂದ

ಮೊದಲ ಪ್ರಯೋಗ ಸ್ರಾವ ಕಡಿಮೆಯಾದ ದಿನ, ಮನೆಯಲ್ಲೇ ಇರುವಾಗ ಮಾಡಿ. ಸ್ರಾವ ಜಾಸ್ತಿ ಇರುವ ಎರಡನೇ ದಿನವೇ, ಹೊರಗೆ ಕೆಲಸಕ್ಕೆ ಹೋಗುವಾಗಲೇ ಶುರು ಮಾಡಿಕೊಂಡು, ಸೋರಿ, ಹೆದರಿ ಕೈಬಿಡುವುದು ಬೇಡ.

ಹಾಕುವುದು. ಯಾವ ಬದಿ ಮೇಲೆ ಅನ್ನುವಲ್ಲೇ ಅನೇಕರು ಎಡವುತ್ತಾರೆ. ಚಂದದ ಹೂವಿನ ಚಿತ್ರ ಇರುವ ಬದಿ ಕೆಲವು ಪ್ಯಾಡ್‌ನಲ್ಲಿ ಕೆಳಗೆ ಹೋಗಬೇಕು, ಕೆಲವದರಲ್ಲಿ ಮೇಲೆ ಬರಬೇಕು. ಬೆರಳಿಂದ ಮುಟ್ಟಿ ನೋಡಿ. ಮೆತ್ತಗೆ, ಬಟ್ಟೆಯ ಹಾಗೆ ಇರುವುದು ಮೈ ಕಡೆ. ಸ್ವಲ್ಪ ನುಣುಪು, ಜಾರುವ ಬದಿ ಒಳ ಉಡುಪಿನ ಕಡೆ. ಎರಡೂ ಕಡೆ ಒಂದೇ ಥರ ಅನಿಸಿದರೆ ಚಮಚದ ನೀರು ಹಾಕಿ ನೋಡಿ. ರೆಕ್ಕೆಗಳನ್ನು ಒಳ ಉಡುಪಿನ ಕೆಳಗೆ ತಂದು ಟಿಚ್ ಬಟನ್ ಹಾಕಿ. ಒಳ ಉಡುಪು ಮೈಗೆ ಸರಿಯಾಗಿ ಕೂರುವಂಥದ್ದಾಗಿರಲಿ. ಪ್ಯಾಡ್ ಜಾರುತ್ತೆ ಅನ್ನುವ ದೂರಿಗೆ ಹೆಚ್ಚಾಗಿ ಕಾರಣ ಸಡಿಲ ಒಳ ಉಡುಪು. ಪ್ಯಾಡ್‌ಗೆ ಅಂಟು ಇಲ್ಲ ನೋಡಿ, ಅದನ್ನು ಹಿಡಿದಿಡುವುದು ಆ ಬಟ್ಟೆಯೇ.

ಬದಲಿಸುವುದು. ನಾಲ್ಕರಿಂದ ಆರು ಗಂಟೆಗೊಮ್ಮೆ, ಸ್ರಾವ ಜಾಸ್ತಿ ಇದ್ದರೆ ಇನ್ನೂ ಬೇಗ. ಬಿಸಾಡುವ ಪ್ಯಾಡ್‌ನಲ್ಲಿ ದ್ರವವನ್ನು ಜೆಲ್ ಮಾಡಿ ಹಿಡಿದಿಡುವ ಪುಡಿ ಇರುತ್ತದೆ, ಬಟ್ಟೆಯಲ್ಲಿ ಇಲ್ಲ. ಹಾಗಾಗಿ ತೇವ ಗೊತ್ತಾಗುತ್ತದೆ. ಅದು ದೋಷವಲ್ಲ, ಬದಲಿಸಿ ಅನ್ನುವ ಸೂಚನೆ. ತೇವವೇ ಸಹಿಸಲಾಗದಿದ್ದರೆ ಮೇಲ್ಪದರಕ್ಕೆ ಫ್ಲೀಸ್ ಅನ್ನುವ ಮೆತ್ತಗಿನ ಕೃತಕ ನಾರಿನ ಬಟ್ಟೆ ಇರುವ ಪ್ಯಾಡ್ ನೋಡಿ, ಅದು ಒಣಗಿದಂತೆ ಅನಿಸುತ್ತದೆ.

ಒಂದು ಲಾಭವೂ ಇದೆ. ಬಟ್ಟೆ ಒಗೆಯುವಾಗ ಎಷ್ಟು ರಕ್ತ ಹೋಗುತ್ತಿದೆ ಅಂತ ಕಣ್ಣಿಗೆ ಕಾಣುತ್ತದೆ. ಒಂದು ಮುಟ್ಟಿನಲ್ಲಿ ಸಾಮಾನ್ಯವಾಗಿ ಹೋಗುವುದು 30ರಿಂದ 40 ಮಿಲಿಲೀಟರ್, 80ಕ್ಕಿಂತ ಜಾಸ್ತಿ ಆದರೆ ಅದನ್ನು ಅತಿಸ್ರಾವ ಅನ್ನುತ್ತಾರೆ. ಗಂಟೆಗೊಂದು ಪ್ಯಾಡ್ ಪೂರ್ತಿ ನೆನೆದು ಅದೇ ಹಲವು ಗಂಟೆ ಮುಂದುವರಿದರೆ, ಎರಡೂವರೆ ಸೆಂಟಿಮೀಟರ್‌ಗಿಂತ ದೊಡ್ಡ ಗಡ್ಡೆ ಬಿದ್ದರೆ, ಏಳು ದಿನ ದಾಟಿದರೆ ಪ್ಯಾಡ್ ಬದಲಿಸುವ ಮಾತು ಬಿಟ್ಟು ಡಾಕ್ಟರ್‌ಗೆ ತೋರಿಸಿ.

ಹೆರಿಗೆಯ ನಂತರದ ಮೊದಲ ದಿನಗಳಲ್ಲಿ, ಅದರಲ್ಲೂ ಹೊಲಿಗೆ ಹಾಕಿದ್ದರೆ, ಬಟ್ಟೆ ಪ್ಯಾಡ್ ಹೊಸದಾಗಿ ಶುರು ಮಾಡಬೇಡಿ. ಆ ಸ್ರಾವ ಆರು ವಾರದವರೆಗೂ ಇರಬಹುದು. ಹೊಲಿಗೆ ವಾಸಿಯಾಗಿ, ಸ್ರಾವ ಇಳಿದ ಮೇಲೆ, ಡಾಕ್ಟರ್ ಸರಿ ಅಂದ ಮೇಲೆ ಬಟ್ಟೆಗೆ ಬನ್ನಿ.

## ಹಂತ 5: ಡೈಪರ್, ಹಗಲಿಗೆ ಒಂದೊಂದೇ

ದಿನಕ್ಕೆ ಒಂದು ಬಟ್ಟೆ ಡೈಪರ್, ಬೆಳಗ್ಗೆ, ಮಗು ಎದ್ದ ಮೇಲೆ. ಒಂದು ವಾರ ಹೀಗೆ ಹೋಗಲಿ. ಉಳಿದ ಹೊತ್ತು ಈವರೆಗೆ ಬಳಸುತ್ತಿದ್ದ ಬಿಸಾಡುವ ಡೈಪರ್ ಇರಲಿ, ಯಾರೂ ಪರೀಕ್ಷೆ ನಡೆಸುತ್ತಿಲ್ಲ ಅಲ್ವಾ. ಕೈ ಕುದುರಿದ ಮೇಲೆ ಎರಡು, ಆಮೇಲೆ ಹಗಲು ಪೂರ್ತಿ.

ಹಾಕುವ ರೀತಿ ನಿಧಾನವಾಗಿ ನೋಡೋಣ. ಡೈಪರ್‌ನ ಹಿಂಭಾಗ ಮಗುವಿನ ಸೊಂಟದ ಹಿಂದೆ, ಎಲಾಸ್ಟಿಕ್ ಬೆನ್ನಿನ ತಗ್ಗಿಗೆ ಬರುವಂತೆ ಇಡಿ. ಮುಂಭಾಗ ಎರಡು ತೊಡೆಗಳ ಮಧ್ಯದಿಂದ ಮೇಲೆ ತನ್ನಿ. ಇಲ್ಲಿ ತಡೆಯಿರಿ. ಕಾಲಿನ ಎಲಾಸ್ಟಿಕ್ ತೊಡೆಯ ಮೇಲೆ ಕೂರಬಾರದು, ತೊಡೆಸಂದಿಯ ಮಡಿಕೆಯೊಳಗೆ ಕೂರಬೇಕು, ಚಡ್ಡಿಯ ಅಂಚು ಕೂರುವ ಜಾಗದಲ್ಲಿ. ಮಗುವಿನ ಮೊಣಕಾಲು ಸ್ವಲ್ಪ ಮೇಲೆತ್ತಿ, ಬೆರಳಿಂದ ಎಲಾಸ್ಟಿಕ್ ಅನ್ನು ಆ ಸಂದಿಗೆ ತಳ್ಳಿ, ಆಮೇಲೆ ಬಟನ್ ಹಾಕಿ. ಹೊಟ್ಟೆಯ ಹತ್ತಿರ ಎರಡು ಬೆರಳು ಹೋಗುವಷ್ಟು ಜಾಗ ಇರಲಿ. ಕೊನೆಗೆ ಸುತ್ತಲೂ ಬೆರಳಾಡಿಸಿ, ಒಳಗಿನ ಹೀರುವ ಬಟ್ಟೆಯ ಒಂದು ಎಳೆಯೂ ಕವರ್‌ನಿಂದ ಹೊರಗೆ ಇಣುಕಬಾರದು. ಒಂದು ಮೂಲೆ ಹೊರಗಿದ್ದರೂ ದೀಪದ ಬತ್ತಿಯ ಹಾಗೆ ಒಳಗಿನ ತೇವವನ್ನೆಲ್ಲ ಅಂಗಿಗೆ ಎಳೆದುಕೊಂಡು ಬರುತ್ತೆ.

ಬಿಚ್ಚಿದಾಗ ಕಾಲಿನ ಬಳಿ ತಿಳಿ ಗುಲಾಬಿ ಗುರುತು ಕಂಡರೆ, ಸ್ವಲ್ಪ ಹೊತ್ತಿನಲ್ಲೇ ಮಾಯವಾದರೆ, ಗಾಬರಿ ಬೇಡ, ಸಾಕ್ಸ್ ಬಿಚ್ಚಿದಾಗಲೂ ಹಾಗೇ ಇರುತ್ತೆ. ಗುರುತು ಆಳವಾಗಿದ್ದು ಹಾಗೇ ಉಳಿದರೆ ಬಿಗಿಯಾಗಿದೆ ಅಂತ ಅರ್ಥ.

ಗಂಡು ಮಗುವಿಗೆ ಹೀರುವ ಬಟ್ಟೆಯ ಮಡಿಕೆ ಮುಂದೆ ಜಾಸ್ತಿ ಬರಲಿ, ಶಿಶ್ನ ಕೆಳಮುಖವಾಗಿರಲಿ. ಮೇಲ್ಮುಖವಾಗಿದ್ದರೆ ಹೊಟ್ಟೆಯ ಕಡೆಯಿಂದ ಒದ್ದೆಯಾಗುತ್ತೆ. ಹೆಣ್ಣು ಮಗುವಿಗೆ ಮಡಿಕೆ ನಡುವಿಗೆ. ಹೊಕ್ಕುಳ ಬಳ್ಳಿ ಬೀಳದ ಮಗುವಿಗೆ ಡೈಪರ್‌ನ ಮುಂಭಾಗವನ್ನು ಬಳ್ಳಿಯ ಕೆಳಗೇ ಮಡಚಿ. ಅದು ಒಣಗಿ ಬೀಳಲು ಒಂದರಿಂದ ಮೂರು ವಾರ ಬೇಕು, ತೇವ ತಾಗಬಾರದು.

ಎರಡು ಗಂಟೆಗೊಮ್ಮೆ ಬದಲಿಸಿ, ಬಹಳ ಆದರೆ ಮೂರು. ಕಕ್ಕ ಮಾಡಿದರೆ ಕೂಡಲೇ.

## ಹಂತ 6: ಒಗೆಯುವುದು

ಎಲ್ಲ ಗೆಲ್ಲುವುದೂ ಸೋಲುವುದೂ ಇಲ್ಲೇ. ಅವಸರ ಮಾಡದೆ ಓದಿ.

ಪ್ಯಾಡ್. ತಣ್ಣೀರು, ತಣ್ಣೀರು ಮಾತ್ರ. ರಕ್ತದಲ್ಲಿ ಪ್ರೋಟೀನ್ ಇದೆ, ಬಿಸಿ ತಾಗಿದರೆ ಅದು ಗಟ್ಟಿಯಾಗಿ ನಾರಿಗೆ ಕಚ್ಚಿಕೊಳ್ಳುತ್ತದೆ, ಆಮೇಲೆ ಕಲೆ ಹೋಗುವುದಿಲ್ಲ. ಬಿಚ್ಚಿದ ಕೂಡಲೇ ನಲ್ಲಿಯ ಕೆಳಗೆ ಹಿಡಿದು, ಕೈಯಿಂದ ಒತ್ತಿ ಒತ್ತಿ ಬಿಡಿ, ನೀರು ತಿಳಿ ಗುಲಾಬಿ ಆಗುವವರೆಗೆ. ಆಮೇಲೆ ತಣ್ಣೀರಿನಲ್ಲಿ ಅರ್ಧ ಗಂಟೆಯಿಂದ ಕೆಲವು ಗಂಟೆ ನೆನೆಸಿ. ರಾತ್ರಿಯಿಡೀ ಆದರೂ ಪರವಾಗಿಲ್ಲ, ಅದಕ್ಕಿಂತ ಜಾಸ್ತಿ ಬೇಡ. ನಿಂತ ನೀರು ಕೊಳೆತು ವಾಸನೆ ಹಿಡಿಯುತ್ತೆ. ನಂತರ ಸೋಪಿನ ಪುಡಿ ಹಾಕಿ ಮೆತ್ತಗೆ ಉಜ್ಜಿ, ಚೆನ್ನಾಗಿ ಜಾಲಿಸಿ. ರಕ್ತ ಪೂರ್ತಿ ಹೋದ ಮೇಲೆ ಬೇಕಾದರೆ ಬೆಚ್ಚಗಿನ ನೀರಿನಲ್ಲಿ ಮಷೀನ್‌ಗೂ ಹಾಕಬಹುದು.

ಒಣಗಿ ಹೋದ ಕಲೆಗೆ ಕಿಣ್ವ ಇರುವ ಸೋಪಿನ ಪುಡಿ ಕೆಲಸ ಮಾಡುತ್ತದೆ, ಅದು ಪ್ರೋಟೀನನ್ನು ಒಡೆಯುತ್ತೆ. ಶೇ. 3ರ ಹೈಡ್ರೋಜನ್ ಪೆರಾಕ್ಸೈಡ್ ಕೂಡ ಹಾಕಬಹುದು, ನೊರೆ ಬಂದು ಕಲೆ ಏಳುತ್ತದೆ, ಆದರೆ ಗಾಢ ಬಣ್ಣವನ್ನೂ ಮಂಕು ಮಾಡಬಹುದು. ಕಲೆ ಉಳಿಯಿತು ಅಂದರೆ ಕೊಳೆ ಉಳಿಯಿತು ಅಂತಲ್ಲ. ಕಲೆ ಇದ್ದೂ ವಾಸನೆ ಇಲ್ಲದ ಪ್ಯಾಡ್ ಸ್ವಚ್ಛವಾಗಿದೆ, ಕಲೆಯಿಲ್ಲದೆ ವಾಸನೆ ಇರುವ ಪ್ಯಾಡ್ ಸ್ವಚ್ಛವಾಗಿಲ್ಲ.

ಡೈಪರ್ ಶೇಖರಿಸುವುದು. ಎದೆಹಾಲು ಮಾತ್ರ ಕುಡಿಯುವ ಮಗುವಿನ ಕಕ್ಕ ನೀರಿನಲ್ಲಿ ಕರಗುತ್ತೆ, ನೇರವಾಗಿ ಒಗೆಯಬಹುದು. ಗಟ್ಟಿ ಆಹಾರ ಶುರುವಾದ ಮೇಲೆ, ಅಂದರೆ ಆರು ತಿಂಗಳ ಹೊತ್ತಿಗೆ, ಕಕ್ಕವನ್ನು ಕಮೋಡ್‌ಗೆ ಉದುರಿಸಿ, ಕೈ ಪೈಪಿನಲ್ಲಿ ತೊಳೆದು ಆಮೇಲೆ ಬಕೆಟ್‌ಗೆ. ರಾತ್ರಿ ಡೈಪರ್ ಕೂಡ ಬೆಳಗ್ಗೆ ಒಮ್ಮೆ ನೀರಿನಲ್ಲಿ ಜಾಲಿಸಿಡಿ. ಬಕೆಟ್‌ನಲ್ಲಿ ನೀರು ಹಾಕಿ ದಿನಗಟ್ಟಲೆ ಮುಳುಗಿಸಿಡಬೇಡಿ, ಮುಚ್ಚಳ ಬಿಗಿಯಾಗಿ ಹಾಕಲೂ ಬೇಡಿ. ಗಾಳಿ ಆಡಿದರೆ ವಾಸನೆ ಕಡಿಮೆ. ಎರಡು ದಿನ, ಹೆಚ್ಚೆಂದರೆ ಮೂರು ದಿನದೊಳಗೆ ಒಗೆಯಿರಿ.

ಮಷೀನ್‌ನಲ್ಲಿ. ಜೇಬಿನೊಳಗಿನ ಇನ್ಸರ್ಟ್ ಹೊರಗೆ ತೆಗೆಯಿರಿ. ಮರೆತರೆ ಒಳಗಿನ ಕೊಳೆ ಅಲ್ಲೇ ಉಳಿಯುತ್ತೆ. ಮೊದಲು ಸ್ವಲ್ಪ ಪುಡಿ ಹಾಕಿ ತಣ್ಣೀರಿನಲ್ಲಿ ಒಂದು ಚಿಕ್ಕ ಸುತ್ತು. ಆ ಕೊಳಕು ನೀರು ಹೊರಗೆ ಹೋಗಲಿ. ಆಮೇಲೆ ಪೂರ್ತಿ ಪುಡಿ ಹಾಕಿ ಉದ್ದದ ಸುತ್ತು, 40ರಿಂದ 60 ಡಿಗ್ರಿ ಬಿಸಿಯಲ್ಲಿ. ಕವರ್‌ನ ಲೇಬಲ್ ಎಷ್ಟು ಬಿಸಿ ಅನ್ನುತ್ತದೋ ಅಷ್ಟೇ. ಡ್ರಮ್ ಮುಕ್ಕಾಲು ಭಾಗದ ಹತ್ತಿರ ತುಂಬಿರಲಿ. ನಾಲ್ಕೇ ಡೈಪರ್ ಹಾಕಿದರೆ ಒಂದಕ್ಕೊಂದು ಉಜ್ಜಾಡಲ್ಲ, ತುರುಕಿ ತುಂಬಿದರೆ ನೀರು ಒಳಹೋಗಲ್ಲ. ಜಾಗ ಉಳಿದರೆ ಕರವಸ್ತ್ರ, ಚಿಕ್ಕ ಟವೆಲ್ ಸೇರಿಸಿ.

ಕೈಯಲ್ಲಿ. ಕ್ರಮ ಅದೇ. ತಣ್ಣೀರಿನಲ್ಲಿ ಒಮ್ಮೆ ಹಿಂಡಿ ಆ ನೀರು ಚೆಲ್ಲಿ, ಆಮೇಲೆ ಬೆಚ್ಚಗಿನ ನೀರು, ಪುಡಿ, ಅರ್ಧ ಗಂಟೆ ನೆನೆಸಿ, ಒತ್ತಿ ಉಜ್ಜಿ, ನೀರು ತಿಳಿಯಾಗುವವರೆಗೆ ಜಾಲಿಸಿ. ಬಟ್ಟೆ ತಿರುಚಿ ಹಿಂಡಬಹುದು. ಕವರ್ ಮತ್ತು ಪಿಯುಎಲ್ ಇರುವ ಪ್ಯಾಡ್ ಮಾತ್ರ ಎರಡು ಅಂಗೈ ಮಧ್ಯೆ ಒತ್ತಿ ನೀರು ಬಸಿಯಿರಿ.

ಈಗ ಪುಡಿಯ ಪ್ರಮಾಣ. ಮಗುವಿನ ಬಟ್ಟೆ ಅಲ್ವಾ ಅಂತ ಚಿಟಿಕೆ ಪುಡಿ ಹಾಕುವವರು ಬಹಳ. ಅದರಲ್ಲಿ ಉಚ್ಚೆ, ಕೊಳೆ ಪೂರ್ತಿ ಹೋಗುವುದಿಲ್ಲ. ತುಂಬಾ ಕೊಳೆಯಾದ ಬಟ್ಟೆಗೆ ಪೊಟ್ಟಣದ ಮೇಲೆ ಎಷ್ಟು ಬರೆದಿದೆಯೋ ಅಷ್ಟು ಹಾಕಿ, ಚೆನ್ನಾಗಿ ಜಾಲಿಸಿ. ನಿಮ್ಮದು ಗಡಸು ನೀರಾದರೆ ಸ್ವಲ್ಪ ವಾಷಿಂಗ್ ಸೋಡಾ ಸೇರಿಸಿ. ಗಡಸು ನೀರಿನಲ್ಲಿ ಬಾರ್ ಸೋಪು ಉಜ್ಜುವುದು ಒಳ್ಳೆಯದಲ್ಲ. ಸೋಪು ನೀರಿನ ಕ್ಯಾಲ್ಸಿಯಂ ಜೊತೆ ಸೇರಿ ಬಿಳಿ ಜಿಡ್ಡಾಗಿ ನಾರಿನಲ್ಲಿ ಕೂರುತ್ತೆ. ತಿಂಗಳು ಕಳೆಯುವಷ್ಟರಲ್ಲಿ ಬಟ್ಟೆ ನೀರು ಹೀರುವುದನ್ನೇ ನಿಲ್ಲಿಸುತ್ತೆ. ಕಂಡೀಷನರ್ ಮಾಡುವುದೂ ಅದನ್ನೇ, ಅದು ನಾರಿಗೆ ಜಾರುವ ಲೇಪ ಹಚ್ಚುತ್ತದೆ. ಬಟ್ಟೆ ಗರಿಗರಿ ಒರಟಾದರೆ ಒಣಗಿದ ಮೇಲೆ ಎರಡು ಕೈಯಲ್ಲಿ ತಿಕ್ಕಿ, ಮೆತ್ತಗಾಗುತ್ತೆ.

ಬ್ಲೀಚ್ ಬಳಸುವುದಾದರೆ ಇದನ್ನು ತಪ್ಪದೆ ಓದಿ. ಉಚ್ಚೆ ಇರುವ ಡೈಪರ್ ಮೇಲೆ ಬ್ಲೀಚ್ ಸುರಿಯಬೇಡಿ, ಬ್ಲೀಚ್ ಜೊತೆ ವಿನೆಗರ್ ಬೆರೆಸಬೇಡಿ. ಮೊದಲನೆಯದರಲ್ಲಿ ಕ್ಲೋರಮೈನ್, ಎರಡನೆಯದರಲ್ಲಿ ಕ್ಲೋರಿನ್ ಅನಿಲ ಹೊರಬರುತ್ತದೆ, ಎರಡೂ ಉಸಿರಿಗೆ ಅಪಾಯ. ಚೆನ್ನಾಗಿ ಒಗೆದ ಬಟ್ಟೆಗೆ ಮಾತ್ರ, ಕಿಟಕಿ ತೆರೆದು, ಲೇಬಲ್ ಹೇಳಿದಷ್ಟು ನೀರು ಬೆರೆಸಿ. ವಾರವಾರ ಬೇಡ, ತೊಂದರೆ ಬಂದಾಗ ಮಾತ್ರ.

## ಹಂತ 7: ಒಣಗಿಸುವುದು

ಪೂರ್ತಿ ಒಣಗಬೇಕು. ಮುಕ್ಕಾಲು ಒಣಗಿದ್ದನ್ನು ಮಡಚಿಟ್ಟರೆ ಮುಗ್ಗಲು ಹಿಡಿಯುತ್ತದೆ, ಮೈಗೆ ತುರಿಕೆ ಬರುತ್ತದೆ. ಪ್ಯಾಡ್ ಯಾರಿಗೂ ಕಾಣಬಾರದು ಅಂತ ಬೇರೆ ಬಟ್ಟೆಯ ಕೆಳಗೆ, ಬಾಗಿಲ ಹಿಂದೆ ಒಣಗಿಸುವವರಿದ್ದಾರೆ. ಗಾಳಿ ಇಲ್ಲದ ಆ ಜಾಗದಲ್ಲಿ ಒಳಪದರ ಒಣಗುವುದೇ ಇಲ್ಲ. ಮರೆ ಬೇಕೇ ಬೇಕು ಅಂದರೆ ಕಿಟಕಿ ಹತ್ತಿರ ಕಟ್ಟಿ, ಮುಂದೆ ತೆಳುವಾದ ಒಂದು ಬಟ್ಟೆ ಇಳಿಬಿಡಿ, ಆದರೆ ಗಾಳಿ ಆಡಲಿ.

ಹೀರುವ ಬಟ್ಟೆಗೆ ನೇರ ಬಿಸಿಲು ಒಳ್ಳೆಯದು, ತೇವ ಇರುವಾಗಲೇ ಬಿಸಿಲಿಗೆ ಹಾಕಿದರೆ ಕಲೆ ತಾನಾಗೇ ಮಂಕಾಗುತ್ತೆ. ಕವರ್‌ಗೆ ನೆರಳೇ ಸಾಕು. ಕವರ್ ಅನ್ನು ಎಲಾಸ್ಟಿಕ್‌ನಿಂದ ನೇತುಹಾಕಬೇಡಿ, ಹಗ್ಗದ ಮೇಲೆ ಮಧ್ಯಕ್ಕೆ ಬರುವಂತೆ ಹಾಕಿ. ಬಿಸಿಯಾಗಿರುವಾಗ ಎಲಾಸ್ಟಿಕ್ ಎಳೆದರೆ ಬೇಗ ಸಡಿಲವಾಗುತ್ತೆ.

ಒಣಗಿದೆಯಾ ಅಂತ ಪ್ಯಾಡ್‌ನ ಮಧ್ಯಭಾಗವನ್ನು ಕೆನ್ನೆಗೆ ಒತ್ತಿ ನೋಡಿ. ತಣ್ಣಗೆ ತಾಗಿದರೆ ಒಳಗೆ ಇನ್ನೂ ತೇವ ಇದೆ. ಬೆರಳಿಗೆ ಇದು ಗೊತ್ತಾಗುವುದಿಲ್ಲ.

ಡ್ರೈಯರ್ ಮನೆಯಲ್ಲಿದ್ದರೆ ಇನ್ಸರ್ಟ್‌ಗೆ ಮಾತ್ರ ಬಳಸಿ. 2008ರಲ್ಲಿ ಇಂಗ್ಲೆಂಡಿನ ಪರಿಸರ ಸಂಸ್ಥೆ ಪ್ರಕಟಿಸಿದ ಅಧ್ಯಯನ ಹೇಳಿದ್ದು ಇದು: ಬಟ್ಟೆ ಡೈಪರ್‌ನಿಂದ ಪರಿಸರಕ್ಕೆ ಎಷ್ಟು ಉಪಯೋಗ ಅನ್ನುವುದು ಒಗೆದು ಒಣಗಿಸುವ ರೀತಿಯ ಮೇಲಿದೆ. ಮಷೀನ್ ತುಂಬ ಹಾಕಿ ಒಗೆದು, ಹಗ್ಗದ ಮೇಲೆ ಒಣಗಿಸಿ, ಎರಡನೇ ಮಗುವಿಗೂ ಬಳಸಿದರೆ ಲಾಭ ದೊಡ್ಡದು.

## ಹಂತ 8: ತೊಂದರೆ ಬಂದರೆ ಎಲ್ಲಿ ಹುಡುಕಬೇಕು

ಸೋರಿಕೆ. ಮೊದಲು ಒಳಗಿನ ಬಟ್ಟೆ ಮುಟ್ಟಿ ನೋಡಿ. ಪೂರ್ತಿ ನೆನೆದಿದೆ ಅಂದರೆ ತಡವಾಗಿ ಬದಲಿಸಿದ್ದೀರಿ ಅಥವಾ ಹೀರುವ ಪದರ ಸಾಲದು. ಒಂದು ಕಡೆ ಮಾತ್ರ ನೆನೆದು ಉಳಿದದ್ದು ಒಣಗಿದ್ದರೆ ಅಳತೆ ಅಥವಾ ಕೂರಿಸಿದ ರೀತಿ ಸರಿಯಿಲ್ಲ. ಎಲ್ಲ ಒಣಗಿದ್ದೂ ಸೋರಿದರೆ ಬಟ್ಟೆ ಹೀರುತ್ತಿಲ್ಲ, ಚಮಚದ ನೀರಿನ ಪರೀಕ್ಷೆ ಮಾಡಿ. ಕಂಡೀಷನರ್, ಸೋಪಿನ ಜಿಡ್ಡು, ಅಥವಾ ಮಗುವಿಗೆ ಹಚ್ಚಿದ ದಪ್ಪ ಕ್ರೀಮ್ ಕಾರಣ ಇರಬಹುದು. ಜಿಂಕ್ ಆಕ್ಸೈಡ್, ಪೆಟ್ರೋಲಿಯಂ ಜೆಲ್ಲಿ ಹಚ್ಚುವಾಗ ಚರ್ಮ ಮತ್ತು ಡೈಪರ್ ಮಧ್ಯೆ ಒಂದು ತೆಳು ಬಟ್ಟೆ (ಲೈನರ್) ಹಾಕಿ.

ಜಿಡ್ಡು ತೆಗೆಯಲು: ಒಗೆದ ಹತ್ತಿ ಬಟ್ಟೆಗಳನ್ನು ಕೈ ತಾಳುವ ಬಿಸಿ ನೀರು, ವಾಷಿಂಗ್ ಸೋಡಾ, ಸ್ವಲ್ಪ ಪುಡಿಯಲ್ಲಿ ನೀರು ತಣ್ಣಗಾಗುವವರೆಗೆ ನೆನೆಸಿ, ಆಮೇಲೆ ಪುಡಿ ಇಲ್ಲದೆ ಎರಡು ಸಲ ಜಾಲಿಸಿ. ನೀರು ಮಣ್ಣು ಬಣ್ಣಕ್ಕೆ ತಿರುಗಿದರೆ ಅಷ್ಟು ದಿನದ ಒಗೆತ ಸಾಲಿರಲಿಲ್ಲ. ಹಾಗಂತ ತಿಂಗಳಿಗೊಮ್ಮೆ ಇದನ್ನೇ ಮಾಡಬೇಡಿ. ಪದೇ ಪದೇ ಬೇಕಾಗುತ್ತಿದೆ ಅಂದರೆ ಸರಿಪಡಿಸಬೇಕಾದ್ದು ದಿನದ ಒಗೆತ.

ವಾಸನೆ. ಒಣ ಡೈಪರ್‌ಗೆ ವಾಸನೆ ಇಲ್ಲ, ಉಚ್ಚೆ ತಾಗಿದ ಕೂಡಲೇ ಕಣ್ಣು ಉರಿಯುವಂಥ ಘಾಟು ಬರುತ್ತೆ ಅಂದರೆ ಅದು ಅಮೋನಿಯ. ನಾರಿನಲ್ಲಿ ಉಳಿದ ಬ್ಯಾಕ್ಟೀರಿಯ ಉಚ್ಚೆಯ ಯೂರಿಯವನ್ನು ಒಡೆದು ಇದನ್ನು ಮಾಡುತ್ತೆ. ಪುಡಿ ಜಾಸ್ತಿ ಮಾಡಿ, ನೀರಿನ ಬಿಸಿ ಹೆಚ್ಚಿಸಿ, ರಾತ್ರಿ ಡೈಪರ್ ಬೆಳಗ್ಗೆಯೇ ಜಾಲಿಸಿ. ಇದನ್ನು ಬಿಟ್ಟರೆ ಚರ್ಮ ಸುಟ್ಟಂತೆ ಕೆಂಪಾಗುತ್ತೆ.

ರ‍್ಯಾಶ್. ಬೇಗ ಬೇಗ ಬದಲಿಸಿ, ಗಾಳಿಗೆ ಬಿಟ್ಟು ಒಣಗಿಸಿದರೆ ಸಾಮಾನ್ಯ ಕೆಂಪು ಎರಡು ಮೂರು ದಿನದಲ್ಲಿ ಇಳಿಯುತ್ತದೆ. ತೊಡೆಸಂದಿಯ ಮಡಿಕೆಯೊಳಗೆ ಗಾಢ ಕೆಂಪು, ಅದರ ಸುತ್ತ ಚಿಕ್ಕ ಚಿಕ್ಕ ಕೆಂಪು ಚುಕ್ಕೆ ಕಂಡರೆ ಅದು ಶಿಲೀಂಧ್ರದ ಸೋಂಕಾಗಿರಬಹುದು, ಡಾಕ್ಟರ್‌ಗೆ ತೋರಿಸಿ. ವಾಸಿಯಾಗುವವರೆಗೆ ಬಿಸಾಡುವ ಡೈಪರ್ ಬಳಸಿ, ಬಟ್ಟೆಯ ಇನ್ಸರ್ಟ್‌ಗಳನ್ನು 60 ಡಿಗ್ರಿಯಲ್ಲಿ ಒಗೆದಿಡಿ. ಗುಳ್ಳೆ, ಕೀವು, ಜ್ವರ ಇದ್ದರೆ ಒಂದು ದಿನವೂ ಕಾಯಬೇಡಿ. ಪ್ಯಾಡ್ ಬಳಸುವವರಿಗೂ ಅಷ್ಟೇ: ತುರಿಕೆ, ಉರಿ, ಸ್ರಾವದ ವಾಸನೆ ಬದಲಾಗಿದ್ದರೆ ಬಟ್ಟೆ ಬದಲಿಸುತ್ತಾ ಕೂರದೆ ತೋರಿಸಿಕೊಳ್ಳಿ.

## ಹಂತ 9: ಕೊನೆಗೆ ರಾತ್ರಿ, ಆಮೇಲೆ ಹೊರಗೆ

ಹಗಲು ಸೋರದೆ ನಡೆಯುತ್ತಿದ್ದರೆ ಮಾತ್ರ ರಾತ್ರಿಗೆ ಬನ್ನಿ. ಡೈಪರ್‌ಗೆ ಬೇಗ ಹೀರುವ ಬಟ್ಟೆ ಮೈ ಕಡೆ, ಅದರ ಕೆಳಗೆ ಹೆಂಪ್ ಇನ್ಸರ್ಟ್. ತಿರುಗಿಸಿ ಇಟ್ಟರೆ ಹೆಂಪ್ ನಿಧಾನಕ್ಕೆ ಹೀರುವಷ್ಟರಲ್ಲಿ ಪಕ್ಕದಿಂದ ಹರಿದಿರುತ್ತದೆ. ಮೈಕ್ರೋಫೈಬರ್ ಒಂದನ್ನೇ ನಂಬಬೇಡಿ, ಮಗುವಿನ ಭಾರಕ್ಕೆ ಒತ್ತಿಹೋಗಿ ಬಿಡುತ್ತದೆ. ಪದರ ಜಾಸ್ತಿ ಮಾಡಿದಾಗ ಕಾಲಿನ ಹತ್ತಿರ ಸಂದು ಬಿದ್ದಿದೆಯಾ ನೋಡಿ, ಬಟನ್ ಒಂದು ಮನೆ ಸಡಿಲ ಮಾಡಬೇಕಾಗಬಹುದು. ಪ್ಯಾಡ್‌ಗೆ ಹಿಂಭಾಗ ಅಗಲ ಇರುವ ಉದ್ದದ್ದು ಬಳಸಿ, ಅಂಗಾತ ಮಲಗುವವರು ಅದನ್ನು ಸ್ವಲ್ಪ ಹಿಂದಕ್ಕೆ ಸರಿಸಿ ಹಾಕಿಕೊಳ್ಳಿ.

ಹೊರಗೆ ಹೋಗುವಾಗ ಬಳಸಿದ ಪ್ಯಾಡನ್ನು ಒಳಮುಖವಾಗಿ ಮೂರು ಮಡಿಕೆ ಮಾಡಿ, ರೆಕ್ಕೆ ಸುತ್ತಿ ಬಟನ್ ಹಾಕಿದರೆ ಪುಟ್ಟ ಪರ್ಸಿನಷ್ಟಾಗುತ್ತೆ. ಜಿಪ್ ಚೀಲಕ್ಕೆ ಹಾಕಿ, ಮನೆಗೆ ಬಂದ ಕೂಡಲೇ ತಣ್ಣೀರಿಗೆ. ಪೂರ್ತಿ ಒಣಗುವ ಮೊದಲು ಸ್ವಲ್ಪ ನೀರು ಚಿಮುಕಿಸಿ ಮಡಚಿದ್ದರೆ ಕಲೆ ಸುಲಭವಾಗಿ ಏಳುತ್ತೆ. ಒಗೆಯಲು ಜಾಗವಿಲ್ಲದ ಪ್ರಯಾಣದಲ್ಲಿ ಬಿಸಾಡುವುದನ್ನೇ ಬಳಸಿ. ನೂರಕ್ಕೆ ನೂರು ಬಟ್ಟೆಯೇ ಆಗಬೇಕು ಅಂತ ಹಠ ಹಿಡಿದವರೇ ಬೇಗ ಬಿಡುವುದು.

ಮಗುವನ್ನು ಬೇರೆಯವರು ನೋಡಿಕೊಳ್ಳುತ್ತಿದ್ದರೆ ಅವರಿಗೆ ಇನ್ಸರ್ಟ್ ಮೊದಲೇ ತುರುಕಿ ಸಿದ್ಧ ಮಾಡಿದ ಡೈಪರ್ ಕೊಡಿ, ಜೊತೆಗೆ ಕೊಳೆಯಾದದ್ದು ಹಾಕಲು ಚೀಲ. ಮಡಚುವ ಪಾಠ ಅವರಿಗೆ ಬೇಡ.

## ಹಂತ 10: ಯಾವಾಗ ಬಿಸಾಡಬೇಕು

ಕವರ್ ಅಥವಾ ಪ್ಯಾಡ್‌ನ ಕೆಳಪದರವನ್ನು ಬೆಳಕಿಗೆ ಹಿಡಿಯಿರಿ. ಪೊರೆ ಸುಲಿದು ಗುಳ್ಳೆ ಎದ್ದಿದ್ದರೆ, ಬಿರುಕು ಬಿಟ್ಟಿದ್ದರೆ ಅದು ಇನ್ನು ನೀರು ತಡೆಯುವುದಿಲ್ಲ. ಎಲಾಸ್ಟಿಕ್ ಎಳೆದು ಬಿಟ್ಟಾಗ ವಾಪಸ್ ಬರದಿದ್ದರೆ ಹೊಲಿಗೆ ಬಿಚ್ಚಿ ಹೊಸ ಎಲಾಸ್ಟಿಕ್ ಹಾಕಿಸಬಹುದು, ಅದಕ್ಕಾಗಿ ಡೈಪರ್ ಎಸೆಯಬೇಕಿಲ್ಲ. ಒಳಪದರ ಗಂಟು ಕಟ್ಟಿಕೊಂಡು ಒಂದು ಕಡೆ ಸೇರಿದ್ದರೆ, ಎರಡು ಸಲ ಬಿಸಿ ನೀರಿನ ಒಗೆತದ ನಂತರವೂ ಮುಗ್ಗಲು ವಾಸನೆ ಹೋಗದಿದ್ದರೆ, ಆ ಪ್ಯಾಡ್ ಸಾಕು ಮಾಡಿ. ಮುಗ್ಗಲು ಹಿಡಿಯದ ಹಳೆಯ ಚೌಕ ಬಟ್ಟೆ ನೆಲ ಒರೆಸಲು ಬರುತ್ತೆ.